ಬ್ರಹ್ಮಗಿರಿಯ ಬಂಡೆಗೆ ಗಾಂಧಾರದ ಅಕ್ಷರ ಬಂದದ್ದು ಹೇಗೆ?

ನಂಬಿಕೆ: ಅಲೆಕ್ಸಾಂಡರ್ ಭಾರತವನ್ನು ಗೆದ್ದ, ಅವನನ್ನು ನೋಡಿಯೇ ಮೌರ್ಯರು ಸಾಮ್ರಾಜ್ಯ ಕಟ್ಟುವುದನ್ನು ಕಲಿತರು.

ಸತ್ಯ: ಕ್ರಿ.ಪೂ. 326ರಲ್ಲಿ ಝೀಲಂ ದಡದಲ್ಲಿ ಪೋರಸನನ್ನು ಸೋಲಿಸಿದ ಅಲೆಕ್ಸಾಂಡರ್ ಬಿಯಾಸ್ ನದಿ ದಾಟಲೇ ಇಲ್ಲ. ಅವನ ಸೈನಿಕರೇ ಒಲ್ಲೆವೆಂದರು. ಮಗಧವನ್ನು ಅವನು ಕಣ್ಣಿಂದಲೂ ಕಾಣಲಿಲ್ಲ. ಅಲ್ಲಿ ನಂದರು ಆಗಲೇ ದೊಡ್ಡ ಸೈನ್ಯ, ತುಂಬಿದ ಬೊಕ್ಕಸ ಇಟ್ಟುಕೊಂಡಿದ್ದರು. ಮೌರ್ಯ ಚಂದ್ರಗುಪ್ತನಿಗೆ ಬುನಾದಿ ಸಿಕ್ಕಿದ್ದು ಅದರಿಂದ. ಅಲೆಕ್ಸಾಂಡರನ ದಂಡಯಾತ್ರೆಯಿಂದ ವಾಯವ್ಯದ ಸಣ್ಣಪುಟ್ಟ ರಾಜ್ಯಗಳು ಬಲಗುಂದಿ ಚಂದ್ರಗುಪ್ತನ ದಾರಿ ಸುಗಮವಾಯಿತು, ಅಷ್ಟೆ. ಮುಂದೆ ಅಲೆಕ್ಸಾಂಡರನ ಸೇನಾಪತಿಯಾಗಿದ್ದ ಸೆಲ್ಯೂಕಸ್ 500 ಆನೆ ಪಡೆದು ಸಿಂಧೂವಿನಾಚೆಯ ಸೀಮೆಗಳನ್ನು ಅವನಿಗೇ ಬಿಟ್ಟುಕೊಟ್ಟ.

ಗ್ರೀಕರಿಗಿಂತ ಹಳೆಯದು, ನನ್ನ ಎಣಿಕೆಯಲ್ಲಿ ಹೆಚ್ಚು ಆಳವಾದದ್ದು, ಪರ್ಷಿಯಾದ ನಂಟು. ಅದರ ಗುರುತು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೌರ್ಯ ದೊರೆ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರದ ಗುಂಡು ಎನ್ನುತ್ತಿದ್ದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಅರಸನ ಮಾತನ್ನು ಅದರಲ್ಲಿ ತಿಳಿಸಿದ್ದಾರೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಗೆ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ!

ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಕ್ರಿ.ಪೂ. 6ನೇ ಶತಮಾನದಲ್ಲಿ ಆ ಸೀಮೆ ಪರ್ಷಿಯಾದ ಅಕೀಮೆನಿಡ್ ದೊರೆಗಳ ಕೈಸೇರಿತ್ತು; ಅವರ ಆಡಳಿತದ ಅರಮಾಯಿಕ್ ಬರವಣಿಗೆಯಿಂದ ಈ ಲಿಪಿ ಬೆಳೆಯಿತು. ಅರಸನ ಮಾತನ್ನು ಬಂಡೆಗೆ ಕೊರೆಸುವ ರೂಢಿಯೂ ಅವರಲ್ಲಿ ಮೊದಲೇ ಇತ್ತು. ಆದರೆ ಪರ್ಷಿಯಾದ ಬೆಹಿಸ್ತೂನ್ ಬಂಡೆಯಲ್ಲಿ ಅವರ ದೊರೆ ಡೇರಿಯಸ್ ಸಾರಿದ್ದು ತನ್ನ ಗೆಲುವುಗಳನ್ನು. ಬ್ರಹ್ಮಗಿರಿಯ ಬಂಡೆ ತಂದೆತಾಯಿಯ ಮಾತು ಕೇಳುವುದನ್ನು, ಜೀವಿಗಳ ಮೇಲಿನ ದಯೆಯನ್ನು, ಸತ್ಯ ನುಡಿಯುವುದನ್ನು ಹೇಳುತ್ತದೆ. ರೂಢಿ ಹೊರಗಿನಿಂದ ಬಂದಿರಬಹುದು, ಹೇಳಿದ ಮಾತು ಅಶೋಕನದೇ.

ನಂಬಿಕೆ: ಹಾಗಾದರೆ ಪರ್ಷಿಯನ್ನರೋ ಗ್ರೀಕರೋ ಇಲ್ಲಿಯವರೆಗೆ ಆಳಿದ್ದರು.

ಸತ್ಯ: ಇಲ್ಲವೇ ಇಲ್ಲ. ಚಪಡ ಬರೆದದ್ದು ಮೌರ್ಯರ ಆಜ್ಞೆಯನ್ನು. ವಾಯವ್ಯದಲ್ಲಿ ಅಕ್ಷರ ಕಲಿತವನೊಬ್ಬ ಸರ್ಕಾರಿ ಕೆಲಸದ ಮೇಲೆ ದಕ್ಷಿಣಕ್ಕೆ ಬಂದನೆಂದು ವಿದ್ವಾಂಸರು ಊಹಿಸುತ್ತಾರೆ.

ನಂಬಿಕೆ: ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದರಿಂದ ರೋಮನ್ನರು ಅಲ್ಲಿ ನೆಲೆಸಿದ್ದರು.

ಸತ್ಯ: ಚಿತ್ರದುರ್ಗ ಕೋಟೆಯ ಪಕ್ಕದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿರುವುದು ನಿಜ. ಶಾತವಾಹನರ ನಾಣ್ಯಗಳೂ ಅಲ್ಲೇ ಸಿಕ್ಕಿವೆ. ವ್ಯಾಪಾರದಲ್ಲಿ ನಾಣ್ಯ ಕೈಯಿಂದ ಕೈಗೆ ಸಾಗಿ ಬರುತ್ತದೆ. ಅದನ್ನು ಟಂಕಿಸಿದವರೇ ಬರಬೇಕಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆಸಿದರು. ದಕ್ಷಿಣದ ಪ್ರಾಚೀನ ನೆಲೆಗಳ ಕಾಲ ನಿರ್ಣಯಕ್ಕೆ ಆ ಅಗೆತ ದೊಡ್ಡ ಆಧಾರವಾಯಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಮಕ್ಕಳನ್ನು ಕೋಟೆ ತೋರಿಸಲು ಕರೆತಂದಾಗ ಬ್ರಹ್ಮಗಿರಿಗೂ ಕರೆದೊಯ್ಯಿರಿ. ಚಪಡನ ಸಹಿ ಎಲ್ಲಿದೆಯೆಂದು ತೋರಿಸಿ. ಬಂಡೆಯ ಮೇಲೆ ಯಾರೂ ಸೀಮೆಸುಣ್ಣ ತಿಕ್ಕದಂತೆ ನೋಡಿಕೊಳ್ಳಿ.