ದೊಡ್ಡ ಮಕ್ಕಳಿಗೂ ಒಂದು ಮನೆ

ವಂಶ ನಿಲ್ಲಬಾರದು, ಆಸ್ತಿ ಪರರ ಪಾಲಾಗಬಾರದು, ಪಿಂಡ ಇಡಲು ಒಬ್ಬ ಮಗನಿರಬೇಕು. ಹಳೆಯ ಹಿಂದೂ ಶಾಸ್ತ್ರದಲ್ಲಿ ದತ್ತಕಕ್ಕೆ ಇದ್ದ ಮುಖ್ಯ ಕಾರಣಗಳು ಇವೇ. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಎದುರು ನಿಂತದ್ದೂ ದತ್ತುಪುತ್ರ ಶಿವಲಿಂಗಪ್ಪನ ಹಕ್ಕಿಗಾಗಿ. ಈ ಲೆಕ್ಕದಲ್ಲಿ ಅನಾಥ ಮಗುವಿಗೆ ಜಾಗವೇ ಇರಲಿಲ್ಲ. ದತ್ತು ಕೊಡುವ ಅಧಿಕಾರ ಹೆತ್ತವರಿಗೆ ಮಾತ್ರ ಇದ್ದುದರಿಂದ, ಹೆತ್ತವರಿಲ್ಲದ ಕೂಸನ್ನು ಕೊಡುವವರೇ ಇರಲಿಲ್ಲ.

1956ರ ಹಿಂದೂ ದತ್ತಕ ಕಾಯ್ದೆ ಹೆಣ್ಣುಮಗುವಿಗೂ ಬಾಗಿಲು ತೆರೆಯಿತು. ಆದರೆ ತೊಟ್ಟಿಲಲ್ಲೋ ಆಸ್ಪತ್ರೆಯ ಜಗಲಿಯಲ್ಲೋ ಬಿಟ್ಟುಹೋದ ಮಗುವನ್ನು ಸಾಕಿದ ಸಂಸ್ಥೆ ದತ್ತು ಕೊಡುವಂತಾದದ್ದು 1962ರ ತಿದ್ದುಪಡಿಯ ನಂತರ. ಮುಸ್ಲಿಂ, ಕ್ರೈಸ್ತ, ಪಾರ್ಸಿ ದಂಪತಿಗಳಿಗಿದ್ದದ್ದು 1890ರ ಕಾಯ್ದೆಯ ಪಾಲಕತ್ವವಷ್ಟೇ. ಮಗು ಪ್ರಾಯಕ್ಕೆ ಬಂದೊಡನೆ ಅದೂ ಮುಗಿಯುತ್ತಿತ್ತು. ಧರ್ಮ ನೋಡದೆ ದತ್ತು ಪಡೆಯುವ ದಾರಿಯನ್ನು ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ. ಇದರ ನಡುವೆ, ಮಕ್ಕಳನ್ನು ಹೊರದೇಶಕ್ಕೆ ಸಾಗಿಸುವ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿ, 1984ರಲ್ಲಿ ನಿಯಮಗಳನ್ನು ವಿಧಿಸಿತು. 1990ರಲ್ಲಿ ಕೇಂದ್ರ ದತ್ತಕ ಸಂಪನ್ಮೂಲ ಸಂಸ್ಥೆ ಹುಟ್ಟಿದ್ದು ಅದರ ಫಲವಾಗಿ.

ಇಷ್ಟಾದರೂ ಬಾಲಮಂದಿರದ ಹತ್ತು ವರ್ಷದ ಹುಡುಗನ ಸ್ಥಿತಿ ಹಾಗೇ ಉಳಿಯಿತು. ದತ್ತು ಬಯಸುವ ಹೆಚ್ಚಿನವರಿಗೆ ಬೇಕಾದದ್ದು ಹಾಲುಗಲ್ಲದ ಕೂಸು. ಜೊತೆಗೆ, ಅಪ್ಪ ಜೈಲಿನಲ್ಲೋ ಅಮ್ಮ ಆಸ್ಪತ್ರೆಯಲ್ಲೋ ಇರುವ ಮಗು ಕಾನೂನಿನ ಕಣ್ಣಲ್ಲಿ ಅನಾಥವಲ್ಲ, ಹಾಗಾಗಿ ದತ್ತಿಗೆ ಮುಕ್ತವೂ ಅಲ್ಲ. ವಿಚಿತ್ರವೆಂದರೆ, 2000ದ ಕಾಯ್ದೆಯಲ್ಲಿ ಪೋಷಕ ಆರೈಕೆಯ, ಅಂದರೆ ದತ್ತು ಪಡೆಯದೆಯೇ ಮಗುವನ್ನು ತಾತ್ಕಾಲಿಕವಾಗಿ ಬೇರೊಂದು ಕುಟುಂಬದಲ್ಲಿ ಬೆಳೆಸುವ ಏರ್ಪಾಡಿನ, ಪ್ರಸ್ತಾಪ ಇತ್ತು, ಆದರೆ ಅದು ಮುಖ್ಯವಾಗಿ ದತ್ತಿಗೆ ಕಾದಿರುವ ಹಸುಗೂಸುಗಳನ್ನು ಉದ್ದೇಶಿಸಿತ್ತು. 2015ರ ಕಾಯ್ದೆ ಮತ್ತು ಮರುವರ್ಷದ ಮಾರ್ಗಸೂಚಿ ಅದನ್ನು ಆರು ವರ್ಷ ದಾಟಿದ ಮಕ್ಕಳ ಕಡೆಗೆ ತಿರುಗಿಸಿದವು.

ಈ ಆರೈಕೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಸಾಕಲು ಮುಂದೆ ಬಂದವರ ಮನೆಯನ್ನು ಪರಿಶೀಲಿಸಿ ಮಗುವನ್ನು ಒಪ್ಪಿಸುತ್ತದೆ. ಖರ್ಚಿಗೆಂದು ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವು ಸಿಗುತ್ತದೆ. ಹೆತ್ತವರು ಬಂದು ನೋಡಬಹುದು, ಪರಿಸ್ಥಿತಿ ಸುಧಾರಿಸಿದರೆ ಕರೆದೊಯ್ಯಲೂಬಹುದು. ಹಾಗಾಗದೆ ಮಗು ದತ್ತಿಗೆ ಮುಕ್ತವೆಂದು ಘೋಷಣೆಯಾದರೆ ಸಾಕಿದವರೇ ದತ್ತು ಪಡೆಯಬಹುದು. ಇದಕ್ಕೆ ಮೊದಲು ಐದು ವರ್ಷ ಜೊತೆಗಿರಬೇಕಿತ್ತು. 2024ರ ಮಾರ್ಗಸೂಚಿ ಅದನ್ನು ಎರಡಕ್ಕೆ ಇಳಿಸಿತು, ಒಂಟಿಯಾಗಿರುವವರಿಗೂ ಮಗುವನ್ನು ಸಾಕುವ ಅವಕಾಶ ಕೊಟ್ಟಿತು. ಒಂಟಿ ಪುರುಷ ಮಾತ್ರ ಹೆಣ್ಣುಮಗುವನ್ನು ಪಡೆಯುವಂತಿಲ್ಲ. ದತ್ತಿಗೆ ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. 2022ರಿಂದ ದತ್ತು ಆದೇಶಕ್ಕೆ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ, ಜಿಲ್ಲಾಧಿಕಾರಿಯೇ ಹೊರಡಿಸುತ್ತಾರೆ. ಅದರ ಆಧಾರದ ಮೇಲೆ ಹೊಸ ಅಪ್ಪ-ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರ ಸಿಗುತ್ತದೆ.