ಹಳೆಯ ಮೋಟಾರು: ನಿದಾನ ಮತ್ತು ಚಿಕಿತ್ಸೆ

ನಮ್ಮ ವೈದ್ಯಶಾಸ್ತ್ರದಲ್ಲಿ ‘ನಿದಾನ’ ಎಂಬುದೊಂದು ಮಾತುಂಟು. ರೋಗದ ಮೂಲವನ್ನು ಕಂಡುಹಿಡಿಯುವುದಕ್ಕೆ ಈ ಹೆಸರು. ಮೊದಲು ನಿದಾನ, ಆಮೇಲೆ ಚಿಕಿತ್ಸೆ. ನಿದಾನವಿಲ್ಲದೆ ಕೊಟ್ಟ ಔಷಧವು ಎಷ್ಟೇ ಬೆಲೆಯದಾದರೂ ಕತ್ತಲಲ್ಲಿ ಎಸೆದ ಕಲ್ಲಿನಂತೆ. ಮನೆಯಂಗಳದಲ್ಲಿ ಹಳೆಯ ಮೋಟಾರು ಗಾಡಿಯೊಂದನ್ನು ನಿಲ್ಲಿಸಿಕೊಂಡು, ರಜೆಯ ದಿನಗಳಲ್ಲಿ ಅದನ್ನು ತಾವೇ ದುರಸ್ತು ಮಾಡುವ ಹವ್ಯಾಸವುಳ್ಳವರು ಮೊಟ್ಟಮೊದಲು ಕಲಿಯತಕ್ಕದ್ದು ಈ ಮಾತನ್ನೇ. ಸ್ಪ್ಯಾನರು ಹಿಡಿಯುವುದನ್ನು ಆಮೇಲೆ ಕಲಿಯಬಹುದು.

ಉದಾಹರಣೆಗೆ ಅಂಬಾಸಡರ್ ಗಾಡಿಯನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರವರೆಗೂ ಇದನ್ನು ತಯಾರಿಸುತ್ತಿದ್ದರು. ಇದರ 1489 ಸಿ.ಸಿ.ಯ ಪೆಟ್ರೋಲು ಎಂಜಿನು ಬಹುಕಾಲ ನಮ್ಮ ಊರುಗಳಲ್ಲಿ ಮನೆಮಾತಾಗಿತ್ತು. ಈಗಿನ ಹೊಸ ಗಾಡಿಗಳಲ್ಲಿ ಪೆಟ್ರೋಲನ್ನೂ ಕಿಡಿಯನ್ನೂ ಅಳೆದು ಕೊಡುವುದು ಒಂದು ಗಣಕಯಂತ್ರ. ಅದರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ಇನ್ನೊಂದು ಯಂತ್ರ ಬೇಕು. ಹಳೆಯ ಅಂಬಾಸಡರಿನಲ್ಲಾದರೋ ಪ್ರತಿಯೊಂದು ಕೆಲಸವೂ ಕಣ್ಣಿಗೆ ಕಾಣುವಂತೆ, ಕೈಗೆ ನಿಲುಕುವಂತೆ ನಡೆಯುವುದು. ಆದುದರಿಂದಲೇ ಅದು ಹವ್ಯಾಸಿಗೆ ಒಳ್ಳೆಯ ಗುರು. ಆದರೆ ಎಲ್ಲವೂ ಕೈಗೆ ನಿಲುಕುವುದೇ ಒಂದು ಅಪಾಯವೂ ಹೌದು. ಕೈ ಮುಂದಾಗಿ ಬುದ್ಧಿ ಹಿಂದಾಗುವುದು ಬಹು ಸುಲಭ.

ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ನಮ್ಮ ತಂದೆಯವರಿಂದ ನನಗೆ ಬಂದ ಗಾಡಿಯು ಒಂದು ಬೇಸಿಗೆಯಲ್ಲಿ ವಿಚಿತ್ರವಾದ ಹಟ ಹಿಡಿಯಿತು. ಅರ್ಧ ಗಂಟೆ ಸೊಗಸಾಗಿ ಓಡುವುದು. ಆಮೇಲೆ ಕೆಮ್ಮಿ, ಎಳೆದು, ನಡುರಸ್ತೆಯಲ್ಲಿ ನಿಂತುಬಿಡುವುದು. ತಣ್ಣಗಾದೊಡನೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಬಿಸಿಲಿಗೆ ಪೆಟ್ರೋಲು ಆವಿಯಾಗಿ ಕೊಳವೆಯಲ್ಲಿ ತಡೆದಿರಬೇಕೆಂದು ನಾನು ತೀರ್ಮಾನಿಸಿದೆ. ಒಂದೇ ಭಾನುವಾರ ಕಾರ್ಬುರೇಟರನ್ನು ಬಿಚ್ಚಿ ತೊಳೆದೆ, ಪೆಟ್ರೋಲು ಪಂಪನ್ನು ಬದಲಾಯಿಸಿದೆ, ನಾಲ್ಕು ಹೊಸ ಪ್ಲಗ್ಗುಗಳನ್ನೂ ಹಾಕಿದೆ. ಸಂಜೆಗೆ ಗಾಡಿ ಮೊದಲಿಗಿಂತಲೂ ಕೆಟ್ಟಿತ್ತು. ನಾನು ಮಾಡಿದ ಮೂರು ಕೆಲಸಗಳಲ್ಲಿ ಯಾವುದರಿಂದ ಹೀಗಾಯಿತೆಂಬುದನ್ನು ಹೇಳುವ ದಾರಿಯೇ ನನಗಿರಲಿಲ್ಲ. ಕೊನೆಗೆ ನಮ್ಮ ಬೀದಿಯ ವೃದ್ಧ ಮಿಸ್ತ್ರಿಯೊಬ್ಬರು ಬಂದು ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ನಿಂತಾಗ ಕಿಡಿ ಬರುತ್ತಿತ್ತೆ, ಸ್ವಾಮಿ?” ನಾನು ನೋಡಿಯೇ ಇರಲಿಲ್ಲ.

ಆ ಪ್ರಶ್ನೆಯ ಅರ್ಥವನ್ನು ವಿಚಾರಿಸೋಣ. ಪೆಟ್ರೋಲು ಎಂಜಿನು ಓಡಬೇಕಾದರೆ ಮೂರು ಅನುಕೂಲಗಳು ಬೇಕು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಆ ಮಿಶ್ರಣವನ್ನು ಸಿಲಿಂಡರಿನೊಳಗೆ ಚೆನ್ನಾಗಿ ಅದುಮುವ ಒತ್ತಡ, ಸರಿಯಾದ ಕ್ಷಣಕ್ಕೆ ಹಾರುವ ಕಿಡಿ. ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ತಿಳಿದರೆ ಅರ್ಧ ದುರಸ್ತು ಮುಗಿದಂತೆ. ಇವುಗಳಲ್ಲಿ ಕಿಡಿಯ ಪರೀಕ್ಷೆಯೇ ಅತಿ ಸುಲಭ. ಬೇರೊಂದು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನಿಗೆ ತಗಲುವಂತೆ ಭದ್ರವಾಗಿರಿಸಿ, ಇನ್ನೊಬ್ಬರಿಂದ ಎಂಜಿನನ್ನು ತಿರುಗಿಸಿ ನೋಡಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ಹತ್ತಿರದಲ್ಲಿ ಪೆಟ್ರೋಲು ಸುರಿದಿರಬಾರದು. ನೀಲಿಯಾದ ಬಲವಾದ ಕಿಡಿ ಬಂದರೆ ದೋಷವನ್ನು ಬೇರೆಡೆ ಹುಡುಕಬೇಕು. ಕಿಡಿಯೇ ಇಲ್ಲವಾದರೆ ಕಾರ್ಬುರೇಟರನ್ನು ಮುಟ್ಟುವ ಕೆಲಸವೇ ಇಲ್ಲ.

ಕಿಡಿ ಹುಟ್ಟುವ ಬಗೆ ಹೀಗೆ. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟು ಬೇಕು. ಈ ವ್ಯತ್ಯಾಸವನ್ನು ತುಂಬುವುದು ಕಾಯಿಲು. ಅದರಲ್ಲಿ ಎರಡು ಸುರುಳಿಗಳು: ಒಂದರಲ್ಲಿ ದಪ್ಪ ತಂತಿಯ ಕೆಲವೇ ಸುತ್ತುಗಳು, ಇನ್ನೊಂದರಲ್ಲಿ ಎಳೆಯಂತಹ ತಂತಿಯ ಸಾವಿರಾರು ಸುತ್ತುಗಳು. ಮೊದಲನೆಯದರಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ಅಯಸ್ಕಾಂತ ಶಕ್ತಿ ನೆಲಸಿರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳು ಬಿಟ್ಟುಕೊಂಡೊಡನೆ ಆ ಹರಿವು ಥಟ್ಟನೆ ನಿಲ್ಲುವುದು. ಅಯಸ್ಕಾಂತ ಶಕ್ತಿ ಕುಸಿಯುವುದು. ಆ ಕುಸಿತದಿಂದ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟು ಏಳುವುದು. ನಾಲ್ಕು ಸಿಲಿಂಡರುಗಳ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ತುಟಿಗಳು ನಿಮಿಷಕ್ಕೆ 6000 ಸಲ, ಅಂದರೆ ಸೆಕೆಂಡಿಗೆ ನೂರು ಸಲ, ಬಿಟ್ಟುಕೊಳ್ಳಬೇಕು.

ಹರಿವು ನಿಲ್ಲುವುದು ಎಷ್ಟು ಥಟ್ಟನೆಯೋ ಕಿಡಿಯೂ ಅಷ್ಟು ಬಲವಾಗಿರುವುದು. ಆದರೆ ಪಾಯಿಂಟುಗಳು ಬಿಟ್ಟುಕೊಳ್ಳುವಾಗ ವಿದ್ಯುತ್ತು ಸುಮ್ಮನೆ ನಿಲ್ಲಲೊಪ್ಪದೆ ಆ ಸಂದಿನಲ್ಲಿಯೇ ಹಾರಲು ಹವಣಿಸುತ್ತದೆ. ಅದನ್ನು ಕ್ಷಣಕಾಲ ತನ್ನೊಳಗೆ ಸೆಳೆದುಕೊಂಡು ತಡೆಯುವುದೇ ಕಂಡೆನ್ಸರು. ಕಿರುಬೆರಳಿನ ತುದಿಯಷ್ಟಿರುವ ಈ ಡಬ್ಬಿ ಕೆಟ್ಟರೆ, ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲಿ ಹಾರಿ ಅದನ್ನು ಸುಟ್ಟು ಕಪ್ಪಾಗಿಸುವುದು. ಕೆಲವು ಕಂಡೆನ್ಸರುಗಳು ತಣ್ಣಗಿರುವಾಗ ನೆಟ್ಟಗಿದ್ದು ಕಾದಾಗ ಮಾತ್ರ ಕೈಕೊಡುತ್ತವೆ. ನನ್ನ ಗಾಡಿಯ ರೋಗ ಇದೇ. ಮಿಸ್ತ್ರಿಯವರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಸುಟ್ಟ ಪಾಯಿಂಟನ್ನು ತೋರಿಸಿ, ಪಾಯಿಂಟನ್ನೂ ಕಂಡೆನ್ಸರನ್ನೂ ಬದಲಾಯಿಸಿದರು. ಆಮೇಲೆ ನಾನು ಕಾರ್ಬುರೇಟರಿನಲ್ಲಿ ಕೆಡಿಸಿಟ್ಟಿದ್ದ ಹದವನ್ನೂ ಸರಿಪಡಿಸಿದರು. ನಾನು ಖರ್ಚುಮಾಡಿದ ಹಣದ ಮುಂದೆ ಆ ಎರಡು ಸಾಮಾನುಗಳ ಬೆಲೆ ಲೆಕ್ಕಕ್ಕೇ ಬಾರದು.

ಇದರಿಂದ ನಾನು ಎರಡು ನಿಯಮಗಳನ್ನು ಮಾಡಿಕೊಂಡೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಗಾಡಿಯನ್ನು ಓಡಿಸಿ ನೋಡಬೇಕು, ಇದು ಮೊದಲನೆಯದು. ಮಾಡಿದ್ದನ್ನೆಲ್ಲ ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಇದು ಎರಡನೆಯದು. ಈ ಎಂಜಿನಿನಲ್ಲಿ ಪಾಯಿಂಟುಗಳು ಪೂರ್ಣವಾಗಿ ಬಿಟ್ಟುಕೊಂಡಾಗ ಅವುಗಳ ನಡುವೆ ಅಂಗುಲದ ಸಾವಿರದ 15 ಭಾಗದಷ್ಟು ಸಂದು ಇರಬೇಕು. ಪ್ಲಗ್ಗಿನಲ್ಲಿ ಸಾವಿರದ 25 ಭಾಗ. ಫೀಲರ್ ಗೇಜಿನ ತೆಳು ತಗಡುಗಳಿಂದ ಇದನ್ನು ಅಳೆಯಬಹುದು. ಪಾಯಿಂಟಿನ ಹಿಮ್ಮಡಿ ಸವೆದಂತೆಲ್ಲ ಸಂದು ಕಿರಿದಾಗಿ ಕಿಡಿಯ ಕಾಲವೂ ಹಿಂದೆ ಬೀಳುತ್ತದೆ. ಗಾಡಿಯ ಕಸುವು ದಿನದಿನಕ್ಕೆ ಕುಗ್ಗುವುದು ನಮಗೆ ತಿಳಿಯುವುದಿಲ್ಲ, ಪುಸ್ತಕಕ್ಕೆ ತಿಳಿಯುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಈಗ ಹೊಸದೊಂದು ಎಚ್ಚರಿಕೆ ಬೇಕಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲು ಬೆರೆಸುವುದು ರೂಢಿಗೆ ಬಂದಿತು. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ಹಳೆಯ ಬಗೆಯ ರಬ್ಬರು ಕೊಳವೆಗಳನ್ನೂ ಪಂಪಿನೊಳಗಿನ ಪೊರೆಯನ್ನೂ ಅದು ಕೆಡಿಸಬಲ್ಲದು. ಬಿರಿದ ಕೊಳವೆಯಿಂದ ಕಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಪರಿಣಾಮವನ್ನು ಹೇಳಬೇಕಾಗಿಲ್ಲ. ಎಥನಾಲನ್ನು ತಾಳುವ ಕೊಳವೆಗಳನ್ನು ಹಾಕಿಸಿ, ಅವನ್ನು ಆಗಾಗ ಬೆರಳಿನಿಂದ ಅಮುಕಿ ನೋಡುತ್ತಿರಬೇಕು.

ಕೊನೆಯದಾಗಿ, ನಿದಾನ ಬಲ್ಲವನು ತನ್ನ ಮಿತಿಯನ್ನೂ ಬಲ್ಲನು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಎಂದಿಗೂ ಮಲಗಬಾರದು. ಸಮನೆಲದಲ್ಲಿ ಚಕ್ರಗಳಿಗೆ ತಡೆ ಕೊಟ್ಟು, ಉಕ್ಕಿನ ಸ್ಟ್ಯಾಂಡಿನ ಮೇಲೆ ಭಾರವನ್ನಿಳಿಸಿ, ಆಮೇಲೆ ಕೆಲಸಕ್ಕಿಳಿಯಬೇಕು. ಇಟ್ಟಿಗೆಯನ್ನು ನಂಬಬಾರದು, ಅದು ಸದ್ದಿಲ್ಲದೆ ಒಡೆಯುತ್ತದೆ. ಹಳೆಯ ಬ್ರೇಕುಗಳ ಧೂಳಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಬ್ರೇಕಿನ ಕೆಲಸವನ್ನು ತಾವೇ ಮಾಡಿದರೂ, ರಸ್ತೆಗೆ ಇಳಿಸುವ ಮುನ್ನ ಬಲ್ಲವರೊಬ್ಬರು ಅದನ್ನು ಪರೀಕ್ಷಿಸಲಿ. ಕಿಡಿ ತಪ್ಪಿದರೆ ಗಾಡಿ ನಿಲ್ಲುತ್ತದೆ, ಅಷ್ಟೆ; ಬ್ರೇಕು ತಪ್ಪಿದರೆ ಗಾಡಿ ನಿಲ್ಲುವುದಿಲ್ಲ, ಮತ್ತು ಅದರ ದಂಡವನ್ನು ತೆರುವವರು ರಸ್ತೆಯಲ್ಲಿ ನಡೆಯುವ ಇತರರೂ ಆಗಬಹುದು.

ಆ ವೃದ್ಧ ಮಿಸ್ತ್ರಿಯವರು ಅಂದು ತಮ್ಮ ಕೂಲಿಯನ್ನು ತೆಗೆದುಕೊಂಡು ಹೋದರು. ಪ್ರಶ್ನೆಯನ್ನು ನನ್ನಲ್ಲಿಯೇ ಬಿಟ್ಟುಹೋದರು. ಈಗ ಗಾಡಿ ಎಲ್ಲಿ ನಿಂತರೂ ನಾನು ಮೊದಲು ತೆರೆಯುವುದು ಆಯುಧಗಳ ಪೆಟ್ಟಿಗೆಯನ್ನಲ್ಲ. ಒಂದು ಕ್ಷಣ ಸುಮ್ಮನೆ ನಿಂತು, ಏನಾಗಿರಬಹುದೆಂದು ಕೇಳಿಕೊಳ್ಳುತ್ತೇನೆ. ಆಮೇಲೆ ಕಿಡಿಯನ್ನು ನೋಡುತ್ತೇನೆ.