ದೂರ ಒಂದೇ, ಸಮಯ ಬೇರೆ



ಹಲಸೂರು, ಇಂದಿರಾನಗರದ ಹಿರಿಯರನ್ನು ಕೇಳಿ ನೋಡಿ. 2008ರ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಅವರ ಮನೆಗಳಿಗೆ ಸಮೀಪದ ಎಚ್.ಎ.ಎಲ್. ನಿಲ್ದಾಣದಲ್ಲೇ ಇಳಿಯುತ್ತಿದ್ದವು. ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಮೇಲೆ ಆಕಾಶದ ದೂರ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಹಲಸೂರಿನಿಂದ ಆರೇಳು ಕಿ.ಮೀ. ಇದ್ದ ನೆಲದ ದಾರಿ ಮೂವತ್ತು ಕಿ.ಮೀ. ದಾಟಿತು. ಹಾಗಾದರೆ ವಿಮಾನಯಾನದಲ್ಲಿ 'ಎಷ್ಟು ದೂರ?' ಮತ್ತು 'ಎಷ್ಟು ಹೊತ್ತು?' ಎಂಬುವು ಒಂದೇ ಪ್ರಶ್ನೆಯೇ? ಬೆಂಗಳೂರಿನ ಪಶ್ಚಿಮಕ್ಕೂ ಪೂರ್ವಕ್ಕೂ ಇರುವ ಎರಡು ದ್ವೀಪಗಳನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಭೂಪಟ ತೆರೆಯಿರಿ. ಪಶ್ಚಿಮದಲ್ಲಿ ಲಕ್ಷದ್ವೀಪದ ಅಗತ್ತಿ, ರೇಖಾಂಶ 72.2 ಡಿಗ್ರಿ. ಪೂರ್ವದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ), ರೇಖಾಂಶ 92.7 ಡಿಗ್ರಿ. ಎರಡೂ ಉತ್ತರ ಅಕ್ಷಾಂಶ 11 ಡಿಗ್ರಿಯ ಆಸುಪಾಸಿನಲ್ಲಿವೆ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 111 ಕಿ.ಮೀ.; ಧ್ರುವದತ್ತ ಹೋದಂತೆ ಅದು ಕಿರಿದಾಗುತ್ತದೆ. 11 ಡಿಗ್ರಿಯಲ್ಲಿ ಸುಮಾರು 109 ಕಿ.ಮೀ. ವ್ಯತ್ಯಾಸವಾದ 20.5 ಡಿಗ್ರಿಯನ್ನು 109ರಿಂದ ಗುಣಿಸಿ. ಅಕ್ಷಾಂಶದ ಅಲ್ಪ ವ್ಯತ್ಯಾಸವನ್ನೂ ಸೇರಿಸಿದರೆ ದೂರ ಸುಮಾರು 2,240 ಕಿ.ಮೀ.

ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು 2 ಗಂಟೆ 48 ನಿಮಿಷದ ದಾರಿ. ಆದರೆ ಅಗತ್ತಿಯ ಓಡುದಾರಿ ಸುಮಾರು 1,200 ಮೀಟರ್ ಮಾತ್ರ. ದೊಡ್ಡ ಜೆಟ್ ವಿಮಾನಕ್ಕೆ ಅದು ಸಾಲದು. ಅಲ್ಲಿಗೆ ಹೊಂದುವುದು ಎ.ಟಿ.ಆರ್. ತರಹದ ಪಂಖದ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ.; ತುಂಬು ಪ್ರಯಾಣಿಕರೊಡನೆ ಒಂದೇ ನೆಗೆತಕ್ಕೆ 2,240 ಕಿ.ಮೀ. ಹಾರಲಾರದು. ಆದ್ದರಿಂದ ನಡುವೆ ಇಳಿದು ವಿಮಾನ ಬದಲಿಸಬೇಕು.

ಬೆಂಗಳೂರಿನಲ್ಲಿ ಬದಲಿಸಿದಿರೆಂದುಕೊಳ್ಳಿ. ಅಗತ್ತಿಯಿಂದ ಇಲ್ಲಿಗೆ ಸುಮಾರು 655, ಇಲ್ಲಿಂದ ಪೋರ್ಟ್ ಬ್ಲೇರಿಗೆ ಸುಮಾರು 1,640, ಒಟ್ಟು 2,295 ಕಿ.ಮೀ. ಸುತ್ತು ಕೇವಲ 55 ಕಿ.ಮೀ. ಹಾರುವ ಹೊತ್ತು 1 ಗಂಟೆ 19 ನಿಮಿಷ ಮತ್ತು 2 ಗಂಟೆ 3 ನಿಮಿಷ. ಇದರ ಮೇಲೆ ನೆಲದ ಓಟ, ಮೇಲೇರುವುದು, ಸರದಿ ಕಾಯ್ದು ಇಳಿಯುವುದು ಸೇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ವಿಮಾನಕ್ಕಾಗಿ ಕಾಯಬೇಕು. ಅದು ಮರುದಿನ ಬೆಳಿಗ್ಗೆಯಾದರೆ ಮೂರೂವರೆ ಗಂಟೆಯ ಹಾರಾಟ ಒಂದು ದಿನದ ಪ್ರಯಾಣವಾಗುತ್ತದೆ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿ ಬೀಸುತ್ತದೆ. ಅದು ಗಂಟೆಗೆ 80 ಕಿ.ಮೀ. ಇದ್ದರೆ, ಪೋರ್ಟ್ ಬ್ಲೇರಿಗೆ ಹೋಗಲು 2 ಗಂಟೆ 17 ನಿಮಿಷ, ಹಿಂದಿರುಗಲು 1 ಗಂಟೆ 52 ನಿಮಿಷ. ದಾರಿ ಅದೇ, ವ್ಯತ್ಯಾಸ 25 ನಿಮಿಷ!

ಇದು ಬರಿಯ ಲೆಕ್ಕದ ಮಾತಲ್ಲ. ಲಕ್ಷದ್ವೀಪದಲ್ಲಿ ಕಾಯಿಲೆ ಉಲ್ಬಣಿಸಿದವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವುದುಂಟು. ಆಸ್ಪತ್ರೆ ಎಷ್ಟು ಕಿ.ಮೀ. ದೂರ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ತಲುಪಬಹುದು ಎಂಬುದೇ ಅಲ್ಲಿ ಜೀವದ ಪ್ರಶ್ನೆ. ಓಡುದಾರಿಯ ಉದ್ದ, ಹವಾಮಾನ, ಸಿಗುವ ವಿಮಾನ ಇವೆಲ್ಲ ಆಗ ಉತ್ತರವನ್ನು ನಿರ್ಧರಿಸುತ್ತವೆ.

ಈಗ ನಿಮಗೊಂದು ಅಭ್ಯಾಸ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಬೆಳಗಿನ 5 ಗಂಟೆಗೆ ಹೊರಟರೆ ಎಷ್ಟು ಹೊತ್ತು? ಸಂಜೆ 6ಕ್ಕೆ ಹೊರಟರೆ ಎಷ್ಟು? ಬಲ್ಲವರನ್ನು ಕೇಳಿ, ಎರಡನ್ನೂ ಬರೆದಿಟ್ಟು ಹೋಲಿಸಿ. ದೂರವನ್ನು ಭೂಪಟ ಹೇಳುತ್ತದೆ. ಸಮಯವನ್ನು ತಿಳಿಯಲು ದಾರಿಯನ್ನೂ ತಿಳಿದಿರಬೇಕು.